265 ಅನ್ನೋದು ಪೂರ್ತಿ ಲೆಕ್ಕ ಅಲ್ಲ

ನ್ಯೂಯಾರ್ಕಿನ ‘ಲಂಗ್ ಬ್ಲಾಕ್’ನಲ್ಲಿ, ಅಂದರೆ ‘ಶ್ವಾಸಕೋಶದ ಬ್ಲಾಕ್’ನಲ್ಲಿ, 1903ಕ್ಕೆ ಹಿಂದಿನ ಒಂಬತ್ತು ವರ್ಷಕ್ಕೆ 265 ಕ್ಷಯದ ಕೇಸುಗಳು, ಅದೇನು ಅಷ್ಟು ದೊಡ್ಡದಾ ಅಂತ ಕೇಳಿದ್ದೀರಿ. ಸುಮ್ನೆ ನೋಡಿದರೆ ದೊಡ್ಡದು ಅನಿಸುವುದಿಲ್ಲ. ಆದರೆ ಅದು ಊರಿನ ಲೆಕ್ಕ ಅಲ್ಲ. ಬಡವರ ವಠಾರಗಳೇ ತುಂಬಿದ್ದ ಲೋವರ್ ಈಸ್ಟ್ ಸೈಡಿನಲ್ಲಿ ಚೆರ್ರಿ ಸ್ಟ್ರೀಟ್ ಪಕ್ಕದ ಒಂದೇ ಒಂದು ಬ್ಲಾಕಿನದು. ನಾಲ್ಕು ಬೀದಿಗಳ ನಡುವೆ ಸುಮಾರು 4,000 ಜನ. ಅಂದರೆ ವರ್ಷಕ್ಕೆ 29 ಕೇಸು, ಲಕ್ಷ ಜನಕ್ಕೆ 700ರ ಮೇಲಾಯಿತು. ಇವತ್ತಿನ ಭಾರತದಲ್ಲಿ ಅದು 200ರ ಆಸುಪಾಸು. ಅದನ್ನೇ ನಾವು ಜಾಸ್ತಿ ಅಂತೀವಿ, ಅಲ್ವಾ?

ಇನ್ನೊಂದು ವಿಷಯ, ಇದು ದಾಖಲಾದ ಲೆಕ್ಕ ಮಾತ್ರ. 1903ರಲ್ಲಿ ಅರ್ನೆಸ್ಟ್ ಪೂಲ್ ಎಂಬ ತರುಣ ಆ ಬ್ಲಾಕಿನ ಮನೆಗಳನ್ನು ಸುತ್ತಿ ಬರೆದಾಗ ಕೊಟ್ಟ ಅಂಕಿ. ಕ್ಷಯ ಕಂಡರೆ ವೈದ್ಯರು ತಿಳಿಸಲೇಬೇಕು ಅಂತ ನ್ಯೂಯಾರ್ಕಿನ ಆರೋಗ್ಯ ಇಲಾಖೆಯ ಹರ್ಮನ್ ಬಿಗ್ಸ್ 1897ರಲ್ಲೇ ನಿಯಮ ತಂದಿದ್ದರು. ವೈದ್ಯರೇ ತಕರಾರು ತೆಗೆದರು. ಬಡವರು ಕೆಲಸ ಹೋದೀತು ಅಂತ ಮುಚ್ಚಿಟ್ಟರು. ನಮ್ಮಲ್ಲೂ ಹೆಣ್ಣುಮಕ್ಕಳ ಮದುವೆ ನಿಂತೀತು ಅಂತ ಟಿ.ಬಿ. ಮುಚ್ಚಿಡುವ ಮನೆಗಳಿಲ್ಲವೇ?

ಬಡವರಿಗಷ್ಟೇ ಬರುವ ಕಾಯಿಲೆ ಇದಲ್ಲ. ಮೈಸೂರಿನ ಸ್ಯಾನಟೋರಿಯಂಗೆ ಹೆಸರು ಬಂದಿರುವುದು ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯಿಂದ. ಆದರೆ ಬಡವರ ವಠಾರದ ಕತ್ತಲೆ ಕೋಣೆಯಲ್ಲಿ ಒಬ್ಬ ಕೆಮ್ಮಿದರೆ ಆ ಗಾಳಿ ಅಲ್ಲೇ ಸುತ್ತುತ್ತದೆ. ಬಿಸಿಲಿಗೆ ಬೇಗ ಸಾಯುವ ರೋಗಾಣು ಅಲ್ಲಿ ಆರಾಮಾಗಿ ಉಳಿಯುತ್ತದೆ.

ಆ ಬ್ಲಾಕಿಗೆ ಹೆಚ್ಚು ದೂರವಿಲ್ಲದ ಆರ್ಚರ್ಡ್ ಸ್ಟ್ರೀಟಿನ 97ನೇ ನಂಬರಿನ ಹಳೇ ವಠಾರ ಈಗ ಮ್ಯೂಸಿಯಂ. ನಾನು ನೋಡಿದ್ದೇನೆ. ಮೂರು ಕೋಣೆಗಳ ಮನೆ, ಎಲ್ಲಾ ಸೇರಿ 325 ಚದರ ಅಡಿ. ಹೊರಗಿನ ಬೆಳಕು ಬೀಳುವುದು ಮುಂದಿನ ಕೋಣೆಗೆ ಮಾತ್ರ. ಒಳಗಿನ ಗೋಡೆಯಲ್ಲಿ ಒಂದು ಕಿಟಕಿ ಇದೆ. ಚೌಕಟ್ಟು, ಗಾಜು ಎಲ್ಲಾ ಸರಿ. ಬಗ್ಗಿ ನೋಡಿದರೆ ಆ ಕಡೆ ಕಾಣುವುದು ಅದೇ ಮನೆಯ ಇನ್ನೊಂದು ಕೋಣೆ! ಅಡುಗೆಮನೆಗೆ ಹಜಾರದಿಂದ ಸಾಲ ತಂದ ಬೆಳಕು. ‘ಟಿ.ಬಿ. ಕಿಟಕಿ’ ಅಂತಲೇ ಅದರ ಹೆಸರು. ಆ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಕತ್ತಲೆ ಕೋಣೆಗಳು 3,50,000ಕ್ಕೂ ಹೆಚ್ಚು. ವಠಾರಗಳಿಗೆಂದೇ ಬಂದ 1901ರ ಕಾನೂನು ಬೆಳಕು ಬಿಡಿ ಅಂದಾಗ ಹಳೇ ಕಟ್ಟಡದ ಎಷ್ಟೋ ಮಾಲೀಕರು ಮಾಡಿದ್ದು ಇಷ್ಟೇ. ನನಗಂತೂ ಕೋಪಕ್ಕಿಂತ ನಗು ಬಂತು.

ಲಂಗ್ ಬ್ಲಾಕನ್ನು ಕೆಡವಿದ್ದು 1933ರಲ್ಲಿ, ಪೂಲ್ ಬರೆದು ಮೂವತ್ತು ವರ್ಷ ಆದ ಮೇಲೆ. ಮರುವರ್ಷ ಅಲ್ಲಿ ನಿಕರ್‌ಬಾಕರ್ ವಿಲೇಜ್ ಎಂಬ ಹೊಸ ಅಪಾರ್ಟ್‌ಮೆಂಟುಗಳು ತೆರೆದವು. ಗಾಳಿ, ಬೆಳಕು ಚೆನ್ನಾಗಿತ್ತು, ಬಾಡಿಗೆ ಮಾತ್ರ ಹಳಬರ ಕೈಗೆಟುಕಲಿಲ್ಲ. ಅವರಲ್ಲಿ ಹೆಚ್ಚಿನವರು ಹೋಗಿ ಸೇರಿಕೊಂಡದ್ದು ಮತ್ತೆ ಅಂಥದೇ ಹಳೇ ವಠಾರಗಳಿಗೆ.