ಕಣ್ಣುರಿ, ತಲೆನೋವು ಮತ್ತು ಬಿಡುವು ಕೇಳುವ ಅಂಜಿಕೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಗುರುತು ಸಿಗಬಾರದೆಂದು ಊರು, ಮನೆ, ಕೆಲಸಗಳ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೊಂದರೆಯ ಸ್ವರೂಪವನ್ನಾಗಲಿ ಕೊಟ್ಟ ಸಲಹೆಯನ್ನಾಗಲಿ ಬದಲಿಸಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ, ಮೂಲತಃ ಕುಂದಾಪುರದ ಕಡೆಯವರಾದ, 44 ವರ್ಷದ ಈ ಮಹಿಳೆ ಐರೋಲಿಯ ಒಂದು ಕಚೇರಿಯಲ್ಲಿ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ಮಾಡುತ್ತಾರೆ. ವಾರದಲ್ಲಿ ಮೂರು ದಿನ ಥಾಣೆಯಲ್ಲಿ ಲೋಕಲ್ ರೈಲುಗಾಡಿ ಬದಲಿಸಿ ಕಚೇರಿಗೆ ಹೋಗುತ್ತಾರೆ, ಉಳಿದ ಎರಡು ದಿನ ಮನೆಯಿಂದಲೇ ಕೆಲಸ. ಅವರು ನನ್ನಲ್ಲಿಗೆ ಕಣ್ಣಿನ ತೊಂದರೆಗೆಂದು ಬಂದವರಲ್ಲ. ‘ಇತ್ತೀಚೆಗೆ ಮಕ್ಕಳ ಮೇಲೆ ವಿನಾಕಾರಣ ರೇಗುತ್ತಾಳೆ, ಮನೆಗೆ ಬಂದವಳೇ ದೀಪ ಆರಿಸಿ ಮಲಗಿಬಿಡುತ್ತಾಳೆ, ಯಾರೊಡನೆಯೂ ಮಾತಿಲ್ಲ’ ಎಂದು ಅವರ ಪತಿಯೇ ಕರೆತಂದಿದ್ದರು. ಇದು ಖಿನ್ನತೆಯಿರಬಹುದೆಂಬುದು ಪತಿಯ ಅನುಮಾನವಾಗಿತ್ತು.

ಖಿನ್ನತೆಯನ್ನು ಗುರುತಿಸಲು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದ ಮೇಲೆ ನನಗೆ ಕಂಡದ್ದು ಬೇರೆಯೇ ಚಿತ್ರ. ಭಾನುವಾರಗಳಲ್ಲಿ ಅವರು ನಗುನಗುತ್ತ ಇರುತ್ತಿದ್ದರು, ಊಟ ಸೇರುತ್ತಿತ್ತು, ಊರಿಗೆ ಹೋದಾಗ ತಲೆನೋವಿನ ಸುಳಿವೇ ಇರುತ್ತಿರಲಿಲ್ಲ. ಕೆಲಸದ ದಿನಗಳಲ್ಲಿ ಮಾತ್ರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು, ನಾಲ್ಕೂವರೆಗೆ ಹುಬ್ಬಿನ ಮೇಲೆ ನೋವು ಕೂರುತ್ತಿತ್ತು, ಮನೆಗೆ ಹೊರಡುವಾಗ ಕತ್ತಿನ ಹಿಂಭಾಗದಿಂದ ಹಣೆಯವರೆಗೆ ಬಿಗಿದು ಕಟ್ಟಿದಂತಾಗುತ್ತಿತ್ತು. ಐರೋಲಿ ನಿಲ್ದಾಣದಲ್ಲಿ ಇಂಡಿಕೇಟರ್ ನೋಡಿದರೆ ಅಕ್ಷರಗಳು ಮೊದಲು ಮಂಜಾಗಿ, ಸ್ವಲ್ಪ ಹೊತ್ತಿನ ಮೇಲೆ ತಿಳಿಯಾಗುತ್ತಿದ್ದವು. ಹೀಗೆ ದಿನದ ಹೊತ್ತು ನೋಡಿ ಬರುವ, ರಜೆಯ ದಿನ ಬಾರದ ತಲೆನೋವನ್ನು ಕೇಳಿದಾಗ ಮನಸ್ಸಿಗಿಂತ ಮೊದಲು ಕಣ್ಣನ್ನೂ ಕುಳಿತುಕೊಳ್ಳುವ ರೀತಿಯನ್ನೂ ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ. ಸಂಜೆಯ ಸಿಟ್ಟು ನೋವಿನ ಫಲವಾಗಿತ್ತೇ ಹೊರತು ಅದರ ಮೂಲವಾಗಿರಲಿಲ್ಲ.

ಪತಿ ಹೊರಗೆ ಹೋದ ಮೇಲೆ ಅವರು ದನಿ ತಗ್ಗಿಸಿ ಹೇಳಿದ ಮಾತು ಇನ್ನೊಂದು: ‘ಮೇಡಂ, ನನ್ನ ಚಿಕ್ಕಮ್ಮ ಮೆದುಳಿನ ಗಡ್ಡೆಯಿಂದ ತೀರಿಕೊಂಡರು. ಅವರಿಗೂ ಶುರುವಾದದ್ದು ತಲೆನೋವಿನಿಂದಲೇ. ಸ್ಕ್ಯಾನ್ ಮಾಡಿಸಲಿಕ್ಕೆ ಧೈರ್ಯವೂ ಇಲ್ಲ, ಮಾಡಿಸದೆ ಇರಲಿಕ್ಕೆ ಸಮಾಧಾನವೂ ಇಲ್ಲ.’ ಇಂಥ ಭಯವನ್ನು ‘ಏನೂ ಆಗುವುದಿಲ್ಲ’ ಎಂದು ತಳ್ಳಿಹಾಕುವುದು ಸಲಹೆಗಾರರಿಗೆ ತಕ್ಕುದಲ್ಲ. ಆದ್ದರಿಂದ ಯಾವ ಲಕ್ಷಣಗಳಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಒಂದೊಂದಾಗಿ ಹೇಳಿ, ಅವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳಿದೆ: ಕೆಲವೇ ಕ್ಷಣಗಳಲ್ಲಿ ತಾರಕಕ್ಕೇರುವ ನೋವು, ನಿದ್ದೆಯಿಂದ ಎಬ್ಬಿಸುವ ಅಥವಾ ದಿನದಿಂದ ದಿನಕ್ಕೆ ಏರುತ್ತಲೇ ಹೋಗುವ ನೋವು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಉಂಗುರ ಕಂಡು ವಾಂತಿಯಾಗುವುದು. ಯಾವುದೂ ಇರಲಿಲ್ಲ. ಆದರೂ ನಾನು ವೈದ್ಯೆಯಲ್ಲ. ಮೊದಲು ಅವರ ಮನೆಯ ಹತ್ತಿರದ ವೈದ್ಯರಿಂದ ರಕ್ತದೊತ್ತಡ ಮತ್ತು ನರಗಳ ಪ್ರಾಥಮಿಕ ತಪಾಸಣೆ, ಆಮೇಲೆ ನೇತ್ರತಜ್ಞರಿಂದ ಕಣ್ಣಿನ ಪೂರ್ಣ ಪರೀಕ್ಷೆ ಮಾಡಿಸಿಕೊಂಡು ಬರುವವರೆಗೆ ಉಳಿದ ಸಲಹೆ ಬೇಡವೆಂದು ತೀರ್ಮಾನಿಸಿದೆವು.

ವೈದ್ಯರು ಸ್ಕ್ಯಾನಿನ ಅಗತ್ಯ ಕಾಣುತ್ತಿಲ್ಲವೆಂದು ಕಾರಣ ಸಹಿತ ವಿವರಿಸಿದರು. ನೇತ್ರತಜ್ಞರು ಕಣ್ಣಿನ ಒತ್ತಡವನ್ನೂ ಒಳಪದರವನ್ನೂ ನೋಡಿ ಎರಡೂ ಸರಿಯಿವೆ ಎಂದು ಬರೆದುಕೊಟ್ಟರು. ಕಂಡುಬಂದದ್ದು ಎರಡು ಸಂಗತಿ: ಚಾಳೀಸು ಬಂದಿತ್ತು ಮತ್ತು ಕಣ್ಣು ಒಣಗುತ್ತಿತ್ತು. ಎರಡನೆಯದನ್ನು ಅವರು ನಂಬಲೇ ಇಲ್ಲ, ಏಕೆಂದರೆ ಸಂಜೆಯ ಹೊತ್ತು ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಣಗಿದ ಮೇಲ್ಮೈ ಕೆರಳಿದಾಗ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ, ಆದರೆ ಆ ನೀರಿನಲ್ಲಿ ಕಣ್ಣನ್ನು ತೇವವಾಗಿ ಹಿಡಿದಿಡುವ ಜಿಡ್ಡಿನ ಅಂಶ ಸಾಲದು ಎಂದು ತಿಳಿಸಿಹೇಳಿದಾಗಲೇ ಅವರಿಗೆ ಸಮಾಧಾನವಾಯಿತು.

ತೊಂದರೆಯ ಬಗೆ ಅರ್ಥವಾದರೆ ಸಲಹೆಯನ್ನು ಪಾಲಿಸುವುದು ಸುಲಭವಾಗುತ್ತದೆಂದು ನಾನು ನಂಬಿದ್ದೇನೆ. ಹಾಗಾಗಿ ಈ ಭಾಗಕ್ಕೆ ಹೆಚ್ಚು ಸಮಯ ಕೊಟ್ಟೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆಯನ್ನು ಓದುವಾಗ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ, ಮಿಟುಕಿಸಿದರೂ ರೆಪ್ಪೆಗಳು ಪೂರ್ತಿ ಕೂಡುವುದಿಲ್ಲ. ಅದರ ಮೇಲೆ ಎಸಿಯ ಗಾಳಿ ನೇರವಾಗಿ ಮುಖಕ್ಕೆ ಬೀಸಿದರೆ, ಪರದೆ ಕಣ್ಣಿಗಿಂತ ಎತ್ತರದಲ್ಲಿದ್ದು ರೆಪ್ಪೆಗಳು ಅಗಲವಾಗಿ ತೆರೆದೇ ಇದ್ದರೆ, ಕಣ್ಣೀರಿನ ತೆಳುಪದರ ಬೇಗ ಆರಿಹೋಗುತ್ತದೆ. ಅವರ ಕಚೇರಿಯಲ್ಲಿ ಈ ಎರಡೂ ಇದ್ದವು. ಇನ್ನೊಂದು ಶ್ರಮ ಕಣ್ಣಿನ ಒಳಗಿನದು. ಹತ್ತಿರದ ವಸ್ತುವನ್ನು ನೋಡುವಾಗ ಒಳಗಿನ ಪುಟ್ಟ ಸ್ನಾಯುವೊಂದು ಬಿಗಿದು ಮಸೂರವನ್ನು ಉಬ್ಬಿಸಬೇಕು, ಎರಡು ಕಣ್ಣುಗಳೂ ಒಟ್ಟಿಗೆ ಮೂಗಿನ ಕಡೆಗೆ ತಿರುಗಬೇಕು. ಎಂಟು ಗಂಟೆ ಒಂದೇ ದೂರದಲ್ಲಿ ನೋಟವನ್ನು ಹಿಡಿದಿಡುವುದೆಂದರೆ ತುಂಬಿದ ಕೊಡವನ್ನು ಸೊಂಟದಿಂದ ಇಳಿಸದೆ ನಿಂತಂತೆ. ನಲವತ್ತು ದಾಟಿದ ಮೇಲೆ ಮಸೂರವೇ ಗಡುಸಾಗುವುದರಿಂದ ಅದೇ ಕೆಲಸಕ್ಕೆ ಶ್ರಮ ಇಮ್ಮಡಿ. 50 ಸೆಂಟಿಮೀಟರ್ ದೂರದ ಪರದೆ ಕಣ್ಣಿನಿಂದ 2 ಡಯಾಪ್ಟರಿನಷ್ಟು (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ) ಹೊಂದಾಣಿಕೆ ಕೇಳಿದರೆ, 25 ಸೆಂಟಿಮೀಟರಿನಲ್ಲಿ ಹಿಡಿದ ಮೊಬೈಲು 4 ಡಯಾಪ್ಟರ್ ಕೇಳುತ್ತದೆ. ಈ ಲೆಕ್ಕ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಊಟದ ಬಿಡುವಿನಲ್ಲಿಯೂ ಗಾಡಿಯ ಲೇಡೀಸ್ ಡಬ್ಬಿಯಲ್ಲಿಯೂ ಅವರು ‘ಕಣ್ಣಿಗೆ ವಿಶ್ರಾಂತಿ’ ಎಂದುಕೊಂಡು ನೋಡುತ್ತಿದ್ದುದು ಮೊಬೈಲನ್ನೇ.

ಅಷ್ಟರಲ್ಲಿ ಅವರು ಮಾಡಿ ನೋಡಿದ ಉಪಾಯಗಳ ಬಗ್ಗೆಯೂ ಹೇಳಬೇಕು. ನೀಲಿ ಬೆಳಕನ್ನು ತಡೆಯುತ್ತದೆಂಬ ಕನ್ನಡಕಕ್ಕೆ ಸಾಕಷ್ಟು ಹಣ ಕೊಟ್ಟಿದ್ದರು. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ, 17 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಮರ್ಶೆಯಲ್ಲಿ, ಇಂಥ ಮಸೂರಗಳಿಂದ ಪರದೆಯ ಮುಂದಿನ ಕಣ್ಣಿನ ಆಯಾಸ ಅಲ್ಪಾವಧಿಯಲ್ಲಿ ಕಡಿಮೆಯಾಗುವ ಸಾಧ್ಯತೆ ಕಾಣಲಿಲ್ಲ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಕಂಪ್ಯೂಟರ್ ಬಳಕೆಗೆಂದು ಅವುಗಳನ್ನು ಶಿಫಾರಸು ಮಾಡುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ, ಕೆಂಪು ಹೋಗಲಾಡಿಸುವ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡಿದ್ದರು. ಅದನ್ನು ನಿಲ್ಲಿಸಿದಾಗ ಕೆಂಪು ಇನ್ನಷ್ಟು ಹೆಚ್ಚಾಗಿ ಮರಳುವುದುಂಟು. ಚೀಟಿಯಿಲ್ಲದೆ ಕೊಳ್ಳುವ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರಂತೂ ಕಣ್ಣಿನ ಒತ್ತಡವೇರಿ ದೃಷ್ಟಿಗೇ ಅಪಾಯ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಈ ರೂಢಿಯನ್ನು ನಾನು ತುಂಬ ಮನೆಗಳಲ್ಲಿ ಕಂಡಿದ್ದೇನೆ. ಅತ್ತೆಯವರು ನೆತ್ತಿಗೆ ಹಚ್ಚುತ್ತಿದ್ದ ಹರಳೆಣ್ಣೆಗೆ ನನ್ನ ಆಕ್ಷೇಪವಿರಲಿಲ್ಲ. ಅದನ್ನು ಕಣ್ಣಿಗೆ ಬಿಡಬಾರದೆಂದಷ್ಟೇ ಕೇಳಿಕೊಂಡೆ. ನೇತ್ರತಜ್ಞರು ಬರೆದುಕೊಟ್ಟದ್ದು ಬರಿಯ ಕೃತಕ ಕಣ್ಣೀರು, ಅದೂ ದಿನಕ್ಕೆ ಹಲವು ಸಲ ಹಾಕಬೇಕಾದ್ದರಿಂದ ಸಂರಕ್ಷಕ ರಾಸಾಯನಿಕವಿಲ್ಲದ್ದು. ಜೊತೆಗೆ ರಾತ್ರಿ ಐದು ನಿಮಿಷ ಬೆಚ್ಚನೆಯ ಬಟ್ಟೆಯ ಕಾವು.

ಇಲ್ಲಿಯವರೆಗಿನದು ವೈದ್ಯರ ಕೆಲಸ. ನನ್ನ ಕೆಲಸ ಆರಂಭವಾದದ್ದು, ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿಗಿಂತ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸಲಹೆಯನ್ನು ಅವರು ಎರಡು ವಾರವಾದರೂ ಪಾಲಿಸಿಲ್ಲವೆಂದು ತಿಳಿದಾಗ. ಈ ನಿಯಮ ಅವರಿಗೆ ಮೊದಲೇ ಗೊತ್ತಿತ್ತು; ಕಚೇರಿಯ ಗೋಡೆಯ ಮೇಲೆಯೇ ಅದರ ಚಿತ್ರವಿತ್ತಂತೆ. ಗೊತ್ತಿದ್ದೂ ಮಾಡಲಾಗದ್ದಕ್ಕೆ ಕಾರಣ ಸೋಮಾರಿತನವಲ್ಲ. ಅವರ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ ಇರುತ್ತದೆ. ಮೌಸ್ ಕೆಲವು ನಿಮಿಷ ಅಲುಗದಿದ್ದರೆ ಅದು ಹಳದಿಯಾಗುತ್ತದೆ, ಟೀಮ್ ಲೀಡರಿಗೆ ಅದು ಕಾಣುತ್ತದೆ. ಹಿಂದಿನ ವರ್ಷ ಅವರ ಸಾಲಿನಲ್ಲಿ ಕುಳಿತಿದ್ದ ಇಬ್ಬರ ಕೆಲಸ ಹೋಗಿತ್ತು. ಸುತ್ತಲಿನವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ‘ಚಾಳೀಸಿನ ಕನ್ನಡಕ ಹಾಕಿಕೊಂಡು ಕೂತರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ’ ಎಂಬುದು ಅವರ ಹೆದರಿಕೆಯಾಗಿತ್ತು. ಹೊಸ ಕನ್ನಡಕ ಬ್ಯಾಗಿನಿಂದ ಹೊರಗೆ ಬಂದಿರಲೇ ಇಲ್ಲ. ಮುಂಬಯಿಯಲ್ಲಿ ಮನೆಯ ಕಂತು ಕಟ್ಟುತ್ತಿರುವ ಕುಟುಂಬಕ್ಕೆ ಈ ಭಯ ಸುಳ್ಳಿನದಲ್ಲ. ಅದನ್ನು ಬಗೆಹರಿಸದೆ ಕಣ್ಣಿಗೆ ವಿಶ್ರಾಂತಿ ಕೊಡಿ ಎಂದು ನಾವು ಎಷ್ಟು ಸಲ ಹೇಳಿದರೂ ಆ ಮಾತು ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯುತ್ತದೆ.

ಹಾಗಾಗಿ ಯಾರನ್ನೂ ಕೇಳದೆ ಮಾಡಬಹುದಾದದ್ದನ್ನು, ಕೇಳಿಯೇ ಪಡೆಯಬೇಕಾದದ್ದನ್ನು ಬೇರೆ ಬೇರೆ ಮಾಡಿದೆವು. 20 ಸೆಕೆಂಡಿನಲ್ಲಿ ಚುಕ್ಕಿ ಹಳದಿಯಾಗುತ್ತದೆಯೇ ಎಂದು ಕೇಳಿದಾಗ ಅವರು ಅದನ್ನು ಎಂದೂ ಗಮನಿಸಿರಲಿಲ್ಲ. ನೋಡಿ ಬಂದು ‘ಆಗುವುದಿಲ್ಲ’ ಎಂದರು. ಗಡಿಯಾರ ನೋಡುವ ಬದಲು ಒಂದು ಕ್ಲೇಮ್ ಮುಗಿದೊಡನೆ ಕಿಟಕಿಯಾಚೆಯ ಪಾರ್ಸಿಕ್ ಗುಡ್ಡದ ಕಡೆಗೆ ಕಣ್ಣು ಹಾಯಿಸಿ, ರೆಪ್ಪೆಗಳನ್ನು ನಿಧಾನವಾಗಿ, ಪೂರ್ತಿಯಾಗಿ ಕೆಲವು ಸಲ ಮುಚ್ಚಿ ತೆರೆಯುವ ಅಭ್ಯಾಸಕ್ಕೆ ಅವರು ಒಪ್ಪಿದರು. ಕೆಲಸದ ಅಂಗವಾಗಿಬಿಟ್ಟ ಬಿಡುವು ತಪ್ಪಿಹೋಗುವುದು ಕಡಿಮೆ. ಜೊತೆಗೆ, ಮೇಲಿನವರು ತಪ್ಪು ಹಿಡಿದು ಹಿಂದಿರುಗಿಸಿದ ಕ್ಲೇಮುಗಳನ್ನು ಅವರು ಯಾವ ಹೊತ್ತಿನಲ್ಲಿ ನೋಡಿದ್ದರೆಂದು ಗುರುತು ಹಾಕಿಕೊಳ್ಳಲು ಹೇಳಿದೆ. ಹೆಚ್ಚಿನವು ಸಂಜೆ ನಾಲ್ಕರ ನಂತರದವು. ವಿಶ್ರಾಂತಿಯೆಂದರೆ ಕೆಲಸಗಳ್ಳತನವೆಂಬ ಅವರ ಅಳುಕನ್ನು ನನ್ನ ಮಾತಿಗಿಂತ ಹೆಚ್ಚು ಕರಗಿಸಿದ್ದು ಅವರೇ ಬರೆದ ಆ ಪಟ್ಟಿ.

ಕೇಳಿಯೇ ಪಡೆಯಬೇಕಾದದ್ದಕ್ಕೆ ಪತ್ರ ಬರೆದೆವು. ಮೊದಲು ಕನ್ನಡದಲ್ಲಿ ಮನಸ್ಸಿಗೆ ಬಂದಂತೆ ಬರೆಯಿರಿ ಎಂದೆ. ಆ ಕರಡಿನಲ್ಲಿ ಮೂರು ಸಲ ಕ್ಷಮೆ ಕೇಳಿದ್ದರು. ಕ್ಷಮೆಯನ್ನೆಲ್ಲ ತೆಗೆದು, ನೇತ್ರತಜ್ಞರ ಚೀಟಿಯನ್ನು ಲಗತ್ತಿಸಿ, ಎಸಿಯ ಗಾಳಿ ನೇರ ಬೀಳದ ಜಾಗ, ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರುವಂತೆ ಮಾನಿಟರನ್ನು ಇಳಿಸುವುದು, ಗಂಟೆಗೊಮ್ಮೆ ಐದು ನಿಮಿಷ ಪರದೆಯಿಂದ ದೂರವಿರುವುದು, ಇಷ್ಟನ್ನು ಮಾತ್ರ ಉಳಿಸಿದೆವು. ಮೊದಲ ಎರಡು ಅದೇ ವಾರ ಸಿಕ್ಕವು. ಮೂರನೆಯದಕ್ಕೆ ಬಾಯಿಮಾತಿನ ಒಪ್ಪಿಗೆ ದೊರೆತರೂ ಟಾರ್ಗೆಟ್ ಇಳಿಯಲಿಲ್ಲ. ಆಸ್ಪತ್ರೆಗಳಿಗೆ ಮಾಡಬೇಕಾದ ಫೋನುಗಳನ್ನು ಒಟ್ಟಿಗೆ ಮಾಡಿ ಮುಗಿಸುತ್ತಿದ್ದವರು ಈಗ ಗಂಟೆಗೊಂದರಂತೆ ಹಂಚಿಕೊಂಡು, ಎದ್ದು ನಿಂತು ಮಾಡುತ್ತಾರೆ. ಈ ಉಪಾಯ ಅವರದೇ.

ಮನೆಯ ವ್ಯವಸ್ಥೆ ಬೇಗ ಸರಿಹೋಯಿತು. ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದುದರಿಂದ ಬೆಳಕೆಲ್ಲ ಲ್ಯಾಪ್‌ಟಾಪಿನ ಮೇಲೆ ಬಿದ್ದು ಪ್ರತಿಫಲಿಸುತ್ತಿತ್ತು. ಕಿಟಕಿ ಪಕ್ಕಕ್ಕೆ ಬರುವಂತೆ ಮೇಜನ್ನು ತಿರುಗಿಸಿದರು. ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲಿಟ್ಟು ಬೇರೆ ಕೀಬೋರ್ಡ್ ಜೋಡಿಸಿದರು. ಪರದೆಯ ಪಕ್ಕದಲ್ಲಿ ಬಿಳಿ ಕಾಗದ ಹಿಡಿದಾಗ ಪರದೆ ದೀಪದಂತೆ ಹೊಳೆಯಬಾರದು, ಬೂದಿಯಂತೆ ಮಂಕಾಗಿಯೂ ಇರಬಾರದು ಎಂಬ ಅಳತೆಯಲ್ಲಿ ಬೆಳಕನ್ನು ಹೊಂದಿಸಿಕೊಂಡರು, ಅಕ್ಷರಗಳನ್ನು ದೊಡ್ಡದು ಮಾಡಿಕೊಂಡರು. ಕನ್ನಡಕದ ವಿಷಯದಲ್ಲಿ ಒಂದು ಮಾತು ಮುಖ್ಯ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕದ ದೂರಕ್ಕೆ, ಅಂದರೆ 33ರಿಂದ 40 ಸೆಂಟಿಮೀಟರಿಗೆ ಕೊಡುತ್ತಾರೆ; ಇವರ ಮಾನಿಟರ್ ಇದ್ದದ್ದು 65 ಸೆಂಟಿಮೀಟರ್ ದೂರದಲ್ಲಿ. ಟೇಪಿನಿಂದ ಅಳೆದು ಆ ಅಂಕಿಯನ್ನು ನೇತ್ರತಜ್ಞರಿಗೆ ಕೊಡಲು ಹೇಳಿದೆ. ಅವರು ಪರದೆಯ ದೂರಕ್ಕೆ ತಕ್ಕ ನಂಬರು ಬರೆದುಕೊಟ್ಟರು. ದೂರಕ್ಕೂ ಹತ್ತಿರಕ್ಕೂ ಒಂದೇ ಮಸೂರವಿರುವ (ಪ್ರೋಗ್ರೆಸಿವ್) ಕನ್ನಡಕದವರು ಪರದೆ ಓದಲು ಗದ್ದ ಎತ್ತಿ ಕುಳಿತು ಕತ್ತುನೋವು ತಂದುಕೊಳ್ಳುವುದನ್ನು ಬಲ್ಲೆನಾದ್ದರಿಂದ ಈ ಅಳತೆಗೆ ಒತ್ತಾಯಿಸಿದ್ದೆ.

ನೋವಿನ ಮಾತ್ರೆಯ ಲೆಕ್ಕ ಹೊರಬಿದ್ದದ್ದು ಅವರು ಬರೆಯುತ್ತಿದ್ದ ತಲೆನೋವಿನ ದಿನಚರಿಯಿಂದ. ಕೆಲಸದ ದಿನಗಳಲ್ಲಿ ಬಹುತೇಕ ನಿತ್ಯವೂ ಒಂದು ಮಾತ್ರೆ ನುಂಗುತ್ತಿದ್ದರು. ಸಾಧಾರಣ ನೋವಿನ ಮಾತ್ರೆಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧಿ ಬೆರೆತ ಮಾತ್ರೆಗಳನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಉಳಿಸಿಬಿಡಬಹುದು. ಇದನ್ನು ವೈದ್ಯರ ಗಮನಕ್ಕೆ ತಂದು, ಅವರ ನಿಗಾದಲ್ಲಿಯೇ ಕಡಿಮೆ ಮಾಡಿದರು. ಮೊದಲ ಕೆಲವು ದಿನ ನೋವು ಹೆಚ್ಚಾಗಬಹುದೆಂದು ಮನೆಯವರಿಗೆಲ್ಲ ಮುಂಚೆಯೇ ತಿಳಿಸಿದ್ದರಿಂದ ಆ ದಿನಗಳನ್ನು ದಾಟಲು ಸಾಧ್ಯವಾಯಿತು.

ಅದೇ ದಿನಚರಿ ಇನ್ನೊಂದನ್ನೂ ತೋರಿಸಿತು. ಮಧ್ಯಾಹ್ನದ ತಲೆನೋವು ಬರಬರುತ್ತ ಅಪರೂಪವಾದರೂ, ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಒಂದೇ ಬದಿಗೆ ಮಿಡಿಯುವ, ಓಕರಿಕೆ ತರುವ, ಬೆಳಕು ಸಹಿಸಗೊಡದ ನೋವು ಹಾಗೆಯೇ ಉಳಿದಿತ್ತು. ಅದು ಅರೆತಲೆನೋವು. ಪರದೆಯ ಹೊಳಪು ಅದನ್ನು ಕೆಣಕಬಹುದಾದರೂ ಅದರ ಚಿಕಿತ್ಸೆಯೇ ಬೇರೆ. ಅದಕ್ಕಾಗಿ ನರರೋಗ ತಜ್ಞರ ಸಲಹೆ ಪಡೆಯುತ್ತಿದ್ದಾರೆ. ಚಿಕ್ಕಮ್ಮನ ಕಾಯಿಲೆಯ ನೆನಪು ಆ ದಿನಗಳಲ್ಲಿ ಈಗಲೂ ಅವರನ್ನು ಕಾಡುತ್ತದೆ; ಅದನ್ನು ಕುರಿತ ನಮ್ಮ ಮಾತುಕತೆ ಮುಗಿದಿಲ್ಲ. ಕನ್ನಡಕವನ್ನು ಕಚೇರಿಯಲ್ಲಿ ದಿನವೂ ಹಾಕಿಕೊಳ್ಳುತ್ತಾರೆ. ಚಾಳೀಸಿನ ನಂಬರು ಮುಂದಿನ ವರ್ಷಗಳಲ್ಲಿ ಏರುವುದು ಸಹಜವಾದ್ದರಿಂದ, ಎರಡು ವರ್ಷಕ್ಕೊಮ್ಮೆಯಾದರೂ ಕಣ್ಣು ಪರೀಕ್ಷಿಸಿಕೊಳ್ಳಬೇಕು, ಮಾನಿಟರ್ ಅಥವಾ ಕೂರುವ ಜಾಗ ಬದಲಾದಾಗಲೆಲ್ಲ ದೂರವನ್ನು ಮತ್ತೆ ಅಳೆಯಬೇಕು ಎಂದು ಅವರ ಕಡತದಲ್ಲಿ ಬರೆದಿಟ್ಟಿದ್ದೇನೆ.