ಹತ್ತು ಅಚ್ಚರಿಗಳ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ‘ಜೀವಕೋಶದ ಹತ್ತು ಹೊಸ ಅಚ್ಚರಿಗಳು’ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿನ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆವು. ಆದರೆ ಅದರ ಏಳನೆಯ ಅಚ್ಚರಿಯನ್ನು, ಅಂದರೆ ಗಾಳಿಯ ಸಾರಜನಕವನ್ನು ಜೀವಿ ಬಳಸಬಲ್ಲ ರೂಪಕ್ಕೆ ತರುವ ಕೋಶದ ಅಂಗವಾದ ನೈಟ್ರೋಪ್ಲಾಸ್ಟ್ ಕುರಿತು ನೀವು ಐದು ಸಾಲಿನಲ್ಲಿ ಮುಗಿಸಿರುವ ಸಂಗತಿಯನ್ನು, ಸ್ವತಂತ್ರ ಲೇಖನವಾಗಿ ಬೆಳೆಸುವುದಾದರೆ ಮತ್ತೆ ಖಂಡಿತ ಪರಿಶೀಲಿಸುತ್ತೇನೆ.

ಉಳಿದ ಒಂಬತ್ತರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದನ್ನು ಮಾತ್ರ ಬಿಡಲಾಗದು: ಹಸಿದ ಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಸುವ ‘ಆಟೊಫಜಿ’ಯ ಸಂಶೋಧನೆಗಾಗಿ ಜಪಾನಿನ ವಿಜ್ಞಾನಿ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ಬಂದ ನೊಬೆಲ್‌ನಿಂದ ಏಕಾದಶಿಯ ಉಪವಾಸಕ್ಕೆ ವಿಜ್ಞಾನದ ಮುದ್ರೆ ಬಿದ್ದಿದೆ ಎಂದು ಬರೆದಿದ್ದೀರಿ. ಅವರ ಪ್ರಯೋಗಗಳು ನಡೆದದ್ದು ಯೀಸ್ಟ್ ಕೋಶಗಳ ಮೇಲೆ, ಅದೂ 1990ರ ದಶಕದ ಆರಂಭದಲ್ಲಿ. ಏಕಾದಶಿ ಆಚರಿಸುವವರಿಗೆ ಆ ಮುದ್ರೆಯ ಅಗತ್ಯವೂ ಇಲ್ಲ.

ಈಗ ಏಳನೆಯದಕ್ಕೆ ಬರೋಣ. ‘ಸಾರಜನಕ ಹಿಡಿಯುವ ಬ್ಯಾಕ್ಟೀರಿಯವೊಂದು ಕಡಲಪಾಚಿಯೊಳಗೆ ಸೇರಿಕೊಂಡಿದೆ’ ಎಂದಷ್ಟೇ ಹೇಳಿದ್ದೀರಿ. ಇಷ್ಟೇ ಆಗಿದ್ದರೆ ಅದು ಸುದ್ದಿಯೇ ಅಲ್ಲ. ಮನೆಯ ತೊಟ್ಟಿಯಲ್ಲಿ ಹಸುಗಳಿಗಾಗಿ ಅಜೋಲಾ ಬೆಳೆಸುತ್ತಿರುವುದಾಗಿ ಲೇಖನದ ಜೊತೆಗಿನ ಪತ್ರದಲ್ಲಿ ತಿಳಿಸಿದ್ದೀರಿ. ಆ ಅಜೋಲಾದ ಎಲೆಯ ಪೊಟರೆಗಳಲ್ಲೂ ಸಾರಜನಕ ಹಿಡಿಯುವ ಸಯನೋಬ್ಯಾಕ್ಟೀರಿಯಗಳಿವೆ, ಆದರೆ ಅವು ಇರುವುದು ಕೋಶಗಳ ಹೊರಗೆ. ಉದ್ದಿನ ಬೇರುಗಂಟಿನಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯ ಕೋಶದ ಒಳಕ್ಕೇ ಹೋಗುತ್ತದೆಯಾದರೂ ಪ್ರತಿ ಹೊಸ ಗಿಡವೂ ಅದನ್ನು ಮಣ್ಣಿನಿಂದಲೇ ಪಡೆಯಬೇಕು. ಬ್ರಾರುಡೋಸ್ಫೇರಾ ಬಿಗೆಲೋವಿ ಎಂಬ ಏಕಕೋಶ ಪಾಚಿಯ ವಿಷಯದಲ್ಲಿ ಹಾಗಲ್ಲ. 2024ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯ ಪ್ರಕಾರ, ಪಾಚಿಯ ಕೋಶ ಒಡೆಯುವಾಗ ಒಳಗಿನ ಆ ಬ್ಯಾಕ್ಟೀರಿಯವೂ ಜೊತೆಗೇ ಒಡೆದು ಮರಿಕೋಶಗಳಿಗೆ ಹಂಚಿಹೋಗುತ್ತದೆ. ಮೃದು ಎಕ್ಸ್-ಕಿರಣದ ಚಿತ್ರಗಳಲ್ಲಿ ಇದು ಕಂಡಿದೆ. ಅದಕ್ಕಿಂತ ಮುಖ್ಯವಾಗಿ, ತನಗೆ ಬೇಕಾದ ಪ್ರೋಟೀನುಗಳಲ್ಲಿ ಹಲವನ್ನು ಅದು ತಾನು ತಯಾರಿಸದೆ ಪಾಚಿಯಿಂದಲೇ ತರಿಸಿಕೊಳ್ಳುತ್ತದೆ, ಮತ್ತು ಅಂಥ ಪ್ರೋಟೀನುಗಳಲ್ಲಿ ಅನೇಕಕ್ಕೆ ವಿಳಾಸಚೀಟಿಯಂಥ ಹೆಚ್ಚುವರಿ ತುಂಡೊಂದು ಅಂಟಿಕೊಂಡಿರುತ್ತದೆ. ಮೈಟೊಕಾಂಡ್ರಿಯ ಮತ್ತು ಕ್ಲೋರೋಪ್ಲಾಸ್ಟ್‌ಗಳಂತೆ ಇದನ್ನೂ ಕೋಶದ್ದೇ ಒಂದು ಅಂಗ (ಕೋಶಾಂಗ), ಅಂದರೆ ನೈಟ್ರೋಪ್ಲಾಸ್ಟ್, ಎಂದು ಸಂಶೋಧಕರು ವಾದಿಸುವುದು ಈ ಎರಡು ಆಧಾರಗಳ ಮೇಲೆ. ನಿಮ್ಮ ಲೇಖನದಲ್ಲಿ ಎರಡೂ ಇಲ್ಲ.

ಕಥೆಯೂ ಬಿಟ್ಟುಹೋಗಿದೆ. ಅಮೆರಿಕದ ಸಾಗರ ವಿಜ್ಞಾನಿ ಜೊನಾಥನ್ ಝೆರ್ ಅವರಿಗೆ 1998ರಲ್ಲಿ ಪೆಸಿಫಿಕ್ ಸಾಗರದ ನೀರಿನಲ್ಲಿ ಸಿಕ್ಕದ್ದು ಈ ಬ್ಯಾಕ್ಟೀರಿಯದ ಡಿಎನ್‌ಎಯ ಒಂದು ಚಿಕ್ಕ ತುಣುಕು ಮಾತ್ರ. ಅದು ಯಾವ ಜೀವಿಯದೆಂದು ಆಗ ತಿಳಿದಿರಲಿಲ್ಲ. ಇತ್ತ ಜಪಾನಿನಲ್ಲಿ ಸಂಶೋಧಕಿ ಕ್ಯೋಕೊ ಹಗಿನೊ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣಗಾಡಿ ಆ ಪಾಚಿಯನ್ನು ಪ್ರಯೋಗಾಲಯದಲ್ಲಿ ಬೆಳೆಸದೇ ಇದ್ದಿದ್ದರೆ ಮೇಲಿನ ಎರಡು ಸಾಕ್ಷ್ಯಗಳೂ ದೊರೆಯುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ಲೇಖನದ ಜೀವ ಇರುವುದು ಇಲ್ಲೇ.

‘ಇನ್ನು ಮಲೆನಾಡಿನ ಭತ್ತಕ್ಕೆ ಯೂರಿಯಾ ಚೀಲ ಬೇಕಿಲ್ಲ’ ಎಂಬ ಕೊನೆಯ ಸಾಲನ್ನು ದಯವಿಟ್ಟು ತೆಗೆದುಹಾಕಿ. ನೈಟ್ರೋಪ್ಲಾಸ್ಟನ್ನು ಭತ್ತದ ಕೋಶದಲ್ಲಿ ಯಾರೂ ನೆಲೆಗೊಳಿಸಿಲ್ಲ. ಪಾಚಿ ಮತ್ತು ಬ್ಯಾಕ್ಟೀರಿಯಗಳ ಈ ಹೊಂದಾಣಿಕೆ ಆರಂಭವಾಗಿ ಸುಮಾರು 10 ಕೋಟಿ ವರ್ಷಗಳಾಗಿವೆ ಎಂಬ ಅಂದಾಜಿದೆ. ಸಾರಜನಕವನ್ನು ಹಿಡಿಯುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಹಸಿರೆಲೆಯಾದರೋ ಹಗಲೆಲ್ಲ ಆಮ್ಲಜನಕವನ್ನೇ ಬಿಡುತ್ತಿರುತ್ತದೆ. ಈ ತೊಡಕನ್ನು ಒಂದು ಪ್ಯಾರಾದಲ್ಲಿ ವಿವರಿಸಿದರೆ ನಮ್ಮ ಕೃಷಿಕ ಓದುಗರು ಆಸಕ್ತಿಯಿಂದ ಓದುತ್ತಾರೆ.

ಅಜೋಲಾದಿಂದಲೇ ಆರಂಭಿಸಿ, ಸಾವಿರ ಪದಗಳನ್ನು ಮೀರದಂತೆ ಬರೆದು, ದೀಪಾವಳಿ ಸಂಚಿಕೆಯ ಕೆಲಸ ಶುರುವಾಗುವುದಕ್ಕೆ ಮೊದಲು ಶಿವಮೊಗ್ಗದ ಕಚೇರಿಗೆ ಕಳುಹಿಸಿಕೊಡಿ.

ಇತಿ,
ಸಂಪಾದಕ