ಬೆಳಗಾಗುವಷ್ಟರಲ್ಲಿ ಚಪ್ಪಟೆಯಾಗುವ ರೇಡಿಯೇಟರ್ ಹೋಸ್: ಮೊದಲು ಕ್ಯಾಪ್ ನೋಡಿ

ಸೋಮವಾರಪೇಟೆಯಿಂದ ಕೇಳಿದ್ದೀರಿ. ಹಳೆಯ ಡೀಸೆಲ್ ಜೀಪ್, ಬೆಳಿಗ್ಗೆ ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ಹೋಸ್ ಚಪಾತಿಯಂತೆ ಅಂಟಿಕೊಂಡಿರುತ್ತದೆ, ಎರಡು ಸಲ ಹೋಸ್ ಬದಲಿಸಿದರೂ ಅದೇ ಕಥೆ, ಈಗ ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಿ ಎನ್ನುತ್ತಿದ್ದಾರೆ. ದಯವಿಟ್ಟು ಒಂದು ದಿನ ತಡೆಯಿರಿ. ನಾನು ಮೆಕ್ಯಾನಿಕ್ ಅಲ್ಲ, ನಾಪೋಕ್ಲು ಕಡೆಯ ಕಾಫಿ ಬೆಳೆಗಾರ. ಆದರೆ ಇದೇ ರೋಗಕ್ಕೆ ಎರಡು ಹೋಸ್, ಒಂದು ಕ್ಯಾಪಿನ (ರೇಡಿಯೇಟರ್ ಮುಚ್ಚಳದ) ದುಡ್ಡು ಕಳೆದುಕೊಂಡವನು.

ಹೋಸ್ ಯಾವಾಗ ಚಪ್ಪಟೆಯಾಗುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಎಂಜಿನ್ ಆರಿದ ಮೇಲೆ ಆಗುತ್ತದೆಯೋ, ಆಕ್ಸಿಲರೇಟರ್ ಒತ್ತಿದಾಗ ಆಗುತ್ತದೆಯೋ? ನಿಮ್ಮದು ಆರಿದ ಮೇಲೆ ಆಗುವುದು. ಬಿಸಿನೀರು ತುಂಬಿ ಮುಚ್ಚಳ ಬಿಗಿದಿಟ್ಟ ಪ್ಲಾಸ್ಟಿಕ್ ಬಾಟಲಿ ತಣ್ಣಗಾದಾಗ ಸೊಟ್ಟಗಾಗುವುದನ್ನು ಅಡುಗೆಮನೆಯಲ್ಲಿ ನೋಡಿರುತ್ತೀರಿ. ಇಲ್ಲಿಯೂ ನಡೆಯುತ್ತಿರುವುದು ಅದೇ. ಓಡುವಾಗ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಹಿಗ್ಗಿ, ಹೆಚ್ಚಾದದ್ದು ಕ್ಯಾಪಿನ ದೊಡ್ಡ ವಾಲ್ವ್ ತಳ್ಳಿಕೊಂಡು ಪಕ್ಕದ ಬಾಟಲಿಗೆ ಹೋಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗಿದಾಗ ಅದು ವಾಪಸು ಬರಬೇಕು. ಬರುವ ದಾರಿ ಮುಚ್ಚಿದ್ದರೆ ಒಳಗೆ ನಿರ್ವಾತವಾಗುತ್ತದೆ, ಎಲ್ಲಕ್ಕಿಂತ ಮೆತ್ತಗಿರುವ ಹೋಸ್ ಒಳಕ್ಕೆ ಕುಸಿಯುತ್ತದೆ. ನೀವು ಎಷ್ಟು ಹೊಸ ಹೋಸ್ ಹಾಕಿದರೂ ಅದು ಕುಸಿಯಲೇಬೇಕು.

ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಹೀಗೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಿದೆ ಎಂದು ಕೈಯಿಟ್ಟು ಖಾತ್ರಿ ಮಾಡಿಕೊಂಡು ಕ್ಯಾಪನ್ನು ನಿಧಾನವಾಗಿ ತಿರುಗಿಸಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡು ಹೋಸ್ ತಾನಾಗಿಯೇ ಉಬ್ಬಿ ದುಂಡಗಾದರೆ ರೇಡಿಯೇಟರ್ ಬದಲಿಸುವ ಮಾತನ್ನು ಅಲ್ಲಿಗೇ ಬಿಡಿ. ಬಿಸಿ ಎಂಜಿನ್ನಿನ ಕ್ಯಾಪ್ ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಕ್ಯಾಪ್ ಕೈಗೆ ಬಂದ ಮೇಲೆ ತಿರುವಿ ನೋಡಿ. ದೊಡ್ಡ ಸ್ಪ್ರಿಂಗಿನ ತುದಿಯಲ್ಲಿ ರಬ್ಬರ್ ಬಿಲ್ಲೆ, ಅದರ ನಟ್ಟನಡುವೆ ಗುಂಡಿಯಷ್ಟು ಚಿಕ್ಕ ಲೋಹದ ತಟ್ಟೆ. ಕೂಲೆಂಟ್ ವಾಪಸು ಬರುವ ಬಾಗಿಲು ಅದೇ. ಉಗುರಿನಿಂದ ಮೆಲ್ಲನೆ ಎಳೆದರೆ ತೆರೆದುಕೊಂಡು, ಬಿಟ್ಟೊಡನೆ ಮುಚ್ಚಿಕೊಳ್ಳಬೇಕು. ತುಕ್ಕು ಹಿಡಿದು ಅಂಟಿದ್ದರೆ ಕ್ಯಾಪ್ ಎಸೆಯಿರಿ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿರುವ ಅಂಕಿ, 0.9 ಅಥವಾ 1.1 (ಕ್ಯಾಪ್ ಹಿಡಿಯುವ ಒತ್ತಡ, ಬಾರ್ ಲೆಕ್ಕದಲ್ಲಿ), ಏನಿದೆಯೋ ಅದನ್ನೇ ಕೇಳಿ. ಹೆಚ್ಚು ಒತ್ತಡದ್ದು ಒಳ್ಳೆಯದೆಂದು ಅಂಗಡಿಯವರು ಕೊಟ್ಟರೂ ಬೇಡ. ಆ ಅಂಕಿಗೆ ನಮ್ಮ ಬೆಟ್ಟದಲ್ಲಿ ಇನ್ನೂ ಹೆಚ್ಚು ಮಹತ್ವವಿದೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. 0.9ರ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಕುದಿಯುವ ಬಿಂದು 115ರ ಹತ್ತಿರ ಹೋಗುತ್ತದೆ. ಸಡಿಲ ಕ್ಯಾಪ್ ಹಾಕಿಕೊಂಡು ಸಂಪಾಜೆ ಘಾಟಿ ಹತ್ತುವ ಗಾಡಿಗಳು ರಸ್ತೆ ಬದಿಯಲ್ಲಿ ಬಾನೆಟ್ ತೆರೆದು ಹೊಗೆಯಾಡುತ್ತಾ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇನ್ನು ನನ್ನ ಕಥೆ. ನಾನು ಹೊಸ ಕ್ಯಾಪ್ ಹಾಕಿದರೂ ಹೋಸ್ ಚಪ್ಪಟೆಯಾಗುತ್ತಲೇ ಇತ್ತು. ಮೂರು ದಿನ ತಲೆ ಕೆರೆದುಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ರೇಡಿಯೇಟರ್ ಕುತ್ತಿಗೆಯಿಂದ ಬಾಟಲಿಗೆ ಹೋಗುವ ಸಣ್ಣ ಪೈಪ್. ಮೂಲದ ರಬ್ಬರ್ ಪೈಪ್ ಬಿರಿದಾಗ, ಮನೆ ಕಟ್ಟುವ ಗಾರೆಯವರು ನೀರಿನ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ತುಂಡೊಂದನ್ನು ನಾನೇ ಸಿಕ್ಕಿಸಿ, ಜಾಣತನವೆಂದು ಬೆನ್ನು ತಟ್ಟಿಕೊಂಡಿದ್ದೆ. ಅದು ಬಿಸಿಗೆ ಮೆತ್ತಗಾಗಿ ತಿರುವಿನಲ್ಲಿ ಮಡಿಚಿಕೊಂಡಿತ್ತು. ಬಿಸಿ ಕೂಲೆಂಟ್ ಒಳಗಿನಿಂದ ಒತ್ತಿದರೆ ಮಡಿಕೆ ತೆರೆದು ದಾರಿ ಬಿಡುತ್ತಿತ್ತು, ತಣ್ಣಗಾಗಿ ಎಳೆಯುವಾಗ ತುಟಿ ಬಿಗಿದುಕೊಳ್ಳುತ್ತಿತ್ತು. ಹೋಗಲು ಬಿಟ್ಟು ಬರಲು ಬಿಡದ ಚೆಕ್‌ಪೋಸ್ಟ್! ಗಟ್ಟಿ ರಬ್ಬರ್ ಪೈಪ್ ಹಾಕಿದೆ, ಮರುದಿನವೇ ಹೋಸ್ ದುಂಡಗಿತ್ತು. ಆದ್ದರಿಂದ ಆ ಪೈಪನ್ನು ಕಳಚಿ ಬಾಯಿಂದಲ್ಲ, ಪಂಪಿನಿಂದ ಗಾಳಿ ಹಾಯಿಸಿ ನೋಡಿ. ಬಾಟಲಿಯ ತಳದಲ್ಲಿ ಕೆಸರು ಕೂತಿದ್ದರೆ ತೊಳೆಯಿರಿ. ಪೈಪಿನ ತುದಿ ಬಾಟಲಿಯೊಳಗೆ ಕೂಲೆಂಟಿನಲ್ಲಿ ಮುಳುಗಿರಲೇಬೇಕು, ಇಲ್ಲದಿದ್ದರೆ ಕೂಲೆಂಟ್ ಬದಲು ಗಾಳಿ ಒಳಗೆ ಹೋಗುತ್ತದೆ.

ಇಷ್ಟಾದ ಮೇಲೂ ಹೋಸನ್ನೊಮ್ಮೆ ಹಿಸುಕಿ ನೋಡಿ. ಡೀಸೆಲ್ ಅಥವಾ ಎಂಜಿನ್ ಆಯಿಲ್ ತೊಟ್ಟಿಕ್ಕಿದ ಕಡೆ ರಬ್ಬರ್ ಹಣ್ಣಾದ ಹಲಸಿನ ತೊಳೆಯಂತೆ ಮೆತ್ತಗಾಗಿರುತ್ತದೆ. ಅಂಥದ್ದನ್ನು ಬದಲಿಸಿ, ತೊಟ್ಟಿಕ್ಕುವುದನ್ನೂ ನಿಲ್ಲಿಸಿ. ಹಳೆಯ ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ, ರೇಡಿಯೇಟರಿನ ಕುತ್ತಿಗೆ ಬಿರಿಯುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ.

ಕೆಳಗಿನ ಹೋಸ್ ಕುಸಿಯುವುದು ಬೇರೆಯೇ ವಿಷಯ. ಅದು ವಾಟರ್ ಪಂಪ್ ನೀರೆಳೆದುಕೊಳ್ಳುವ ಕಡೆ ಇರುತ್ತದೆ. ನ್ಯೂಟ್ರಲಿನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಬಿಸಿಯಾದ ಮೇಲೆ ಒಬ್ಬರು ಆಕ್ಸಿಲರೇಟರ್ ಒತ್ತಲಿ, ನೀವು ದೂರದಿಂದ ನೋಡಿ. ಫ್ಯಾನಿನ ಹತ್ತಿರ ಶಾಲು, ಸಡಿಲ ತೋಳು ಬೇಡ. ಆಗ ಅದು ಒಳಕ್ಕೆ ಎಳೆದುಕೊಂಡರೆ ರೇಡಿಯೇಟರಿನ ನಾಳಗಳು ಕಟ್ಟಿವೆ, ಇಲ್ಲವೇ ಹೋಸಿನೊಳಗೆ ಇರಬೇಕಾದ ತಂತಿ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದಿದೆ. ಹೋಸ್ ಬದಲಿಸುವಾಗ ಸ್ಪ್ರಿಂಗ್ ತೆಗೆದಿಟ್ಟು ಮರೆತವರೂ ಉಂಟು. ತೋಡಿನ ನೀರನ್ನೇ ವರ್ಷಗಟ್ಟಲೆ ಸುರಿದ ಗಾಡಿಗಳಲ್ಲಿ ನಾಳ ಕಟ್ಟುವುದು ಹೆಚ್ಚು. ಬಿಸಿ ಮಾಡಿ ನಿಲ್ಲಿಸಿ, ಸ್ವಲ್ಪ ಆರಿದ ಮೇಲೆ ರೇಡಿಯೇಟರಿನ ಮೈ ಮುಟ್ಟಿ ನೋಡಿದರೆ ಕಟ್ಟಿದ ಜಾಗ ತಣ್ಣಗೆ ಸಿಗುತ್ತದೆ. ಮನೆಯ ನಲ್ಲಿಯ ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯಬಹುದು. ನಮ್ಮ ನೆರೆಯ ಅಣ್ಣನೊಬ್ಬರು ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಹಿಡಿದು ರೇಡಿಯೇಟರ್ ತೊಳೆದರು. ಎಲೆಎಲೆಯಂಥ ರೆಕ್ಕೆಗಳೆಲ್ಲ ಒಂದರ ಮೇಲೊಂದು ಮಲಗಿದವು.

ಕೊನೆಗೆ ತುಂಬುವಾಗ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ ತುಂಬಿದರೆ ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಏರನ್ನು ಹುಡುಕಿಕೊಂಡು ಹೋಗಬೇಕಿಲ್ಲವಲ್ಲ. ಇಳಿಸಿದ ಹಳೆಯ ಕೂಲೆಂಟನ್ನು ಬೇಸಿನ್ನಿನಲ್ಲಿ ತೆರೆದಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿಗಳು ನೆಕ್ಕಿ ಸಾಯುತ್ತವೆ.

ಒಂದು ವೇಳೆ ಬೆಳಿಗ್ಗೆ ತಣ್ಣಗಿರುವಾಗಲೂ ಹೋಸ್ ಕಲ್ಲಿನಂತೆ ಬಿಗಿದು, ಕ್ಯಾಪ್ ತೆಗೆದರೆ ಗಾಳಿ ಹೊರಕ್ಕೆ ನುಗ್ಗಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಬಗ್ಗೆ ಅನುಮಾನಪಡಿ. ನಿಮ್ಮ ವಿವರ ನೋಡಿದರೆ ಹಾಗಿಲ್ಲ. ಬೆಳಿಗ್ಗೆ ಕ್ಯಾಪ್ ಮುಟ್ಟುವ ಮೊದಲು ಹೋಸಿನದೊಂದು ಚಿತ್ರ, ಕ್ಯಾಪಿನ ತಳದ್ದೊಂದು, ಬಾಟಲಿಗೆ ಹೋಗುವ ಪೈಪಿನದೊಂದು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.